ಸಂದರ್ಶನದಲ್ಲಿ ಮಿಂಚಿದವರು ಕೆಲಸದಲ್ಲಿ ಏಕೆ ಎಡವುತ್ತಾರೆ?

ಪ್ರಶ್ನೆ: ನಮ್ಮದು ಮೂವತ್ತು ಜನರ ಸಂಸ್ಥೆ. ಅಭ್ಯರ್ಥಿಯ ಜೊತೆ ಅರ್ಧ ಗಂಟೆ ಮಾತನಾಡಿ, ಮನಸ್ಸಿಗೆ ಒಪ್ಪಿದವರನ್ನು ತೆಗೆದುಕೊಳ್ಳುತ್ತೇವೆ. ಚೆನ್ನಾಗಿ ಮಾತನಾಡಿದವರೇ ಆಮೇಲೆ ನಿರಾಸೆ ಮಾಡುತ್ತಾರೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಆ ಅರ್ಧ ಗಂಟೆಯ ಹರಟೆಯಲ್ಲೇ. ಅಲ್ಲಿ ನೀವು ಅಳೆಯುತ್ತಿರುವುದು ಮಾತಿನ ಚತುರತೆಯನ್ನು, ಸಂಬಳ ಕೊಡುತ್ತಿರುವುದು ಬೇರೆ ಕೆಲಸಕ್ಕೆ. ಒಬ್ಬರಿಗೆ ಊರು, ಕಾಲೇಜು ಕೇಳುತ್ತೀರಿ, ಇನ್ನೊಬ್ಬರಿಗೆ ಕಷ್ಟದ ಲೆಕ್ಕ ಕೇಳುತ್ತೀರಿ. ಹೀಗಾದರೆ ಇಬ್ಬರನ್ನು ಹೋಲಿಸುವುದಾದರೂ ಹೇಗೆ?

ಆಯ್ಕೆಯ ವಿಧಾನಗಳ ಬಗ್ಗೆ ದಶಕಗಳಿಂದ ನಡೆದ ಅಧ್ಯಯನಗಳನ್ನು ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮತ್ತೆ ಲೆಕ್ಕ ಹಾಕಿದರು. ವಿಧಾನ ನೀಡುವ ಅಂಕಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ತಾಳೆಯಾದರೆ 1. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಅಂಕ ಹಾಕುವ ಸಂದರ್ಶನಕ್ಕೆ ಸಿಕ್ಕಿದ್ದು 0.42, ಮನಬಂದಂತೆ ನಡೆಯುವ ಸಂದರ್ಶನಕ್ಕೆ 0.19. ಅನುಭವದ ವರ್ಷಗಳ ಲೆಕ್ಕ ಅದಕ್ಕಿಂತಲೂ ಕೆಳಗಿದೆ. ಹಾಗಾಗಿ ಜಾಹೀರಾತಿನಲ್ಲಿ ‘ಕನಿಷ್ಠ ಐದು ವರ್ಷ ಅನುಭವ’ ಎಂದು ಅಭ್ಯಾಸಬಲದಿಂದ ಹಾಕುವ ಸಾಲನ್ನು ತೆಗೆದುಬಿಡಿ. ಒಳ್ಳೆಯ ಹುಡುಗ ಹುಡುಗಿಯರು ಅದನ್ನು ನೋಡಿಯೇ ಅರ್ಜಿ ಹಾಕದೆ ಉಳಿಯುತ್ತಾರೆ. 0.42 ಕೂಡ ಪೂರ್ತಿ ಅಂಕವೇನಲ್ಲ; ಮನುಷ್ಯರ ವಿಷಯದಲ್ಲಿ ಅಷ್ಟು ಸಿಕ್ಕಿದರೂ ಅದು ದೊಡ್ಡದೇ.

ಪ್ರಶ್ನೆಗಳ ಜೊತೆಗೆ ಕೆಲಸವನ್ನೂ ಮಾಡಿಸಿ ನೋಡಿ. ಲೆಕ್ಕಪತ್ರ ನೋಡಿಕೊಳ್ಳುವವರು ಬೇಕು ಎಂದಿಟ್ಟುಕೊಳ್ಳಿ. ಹತ್ತು ಬಿಲ್‌ಗಳ ಕಟ್ಟೊಂದನ್ನು ಕೊಟ್ಟು ಕಂಪ್ಯೂಟರಿನಲ್ಲಿ ನಮೂದಿಸಲು ಹೇಳಿ. ಅದರಲ್ಲಿ ತುಮಕೂರಿನ ವ್ಯಾಪಾರಿ ಬೆಂಗಳೂರಿನ ನಿಮ್ಮ ಅಂಗಡಿಗೆ ಮಾರಿದ ಸರಕಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ತಲಾ ಶೇ. 9ರ ಬದಲು, ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯಾಪಾರಕ್ಕೆ ಹಾಕುವ ಐಜಿಎಸ್‌ಟಿಯನ್ನು ಶೇ. 18 ಹಾಕಿದ ಬಿಲ್ ಒಂದಿರಲಿ. ಒಂದೇ ರಾಜ್ಯದೊಳಗಿನ ವ್ಯವಹಾರ, ಒಟ್ಟು ಮೊತ್ತವೂ ಅಷ್ಟೇ, ಆದ್ದರಿಂದ ಅವಸರದ ಕಣ್ಣಿಗೆ ತಪ್ಪು ಬೀಳುವುದಿಲ್ಲ. ಅದನ್ನು ಎತ್ತಿ ಹಿಡಿದು ‘ಇದನ್ನು ವಾಪಸ್ ಕಳಿಸಬೇಕಲ್ಲವೇ?’ ಎಂದು ಕೇಳುವವರು ತಡವರಿಸಿ ಮಾತನಾಡಿದರೂ ನಿಮಗೆ ಬೇಕಾದವರು.

‘ಹಾಗಾದರೆ ನಮ್ಮ ಅಂತಃಪ್ರಜ್ಞೆಗೆ ಬೆಲೆಯೇ ಇಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಸ್ರೇಲ್ ಸೇನೆಯ ಹಳೆಯ ಪ್ರಸಂಗವೊಂದರಲ್ಲಿ ಇದಕ್ಕೆ ಒಳ್ಳೆಯ ಉತ್ತರವಿದೆ. 1955ರಲ್ಲಿ ಅಲ್ಲಿದ್ದ ಡೇನಿಯಲ್ ಕಾನೆಮನ್, ಮುಂದೆ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ, ಆಗ ಇಪ್ಪತ್ತರ ಆಸುಪಾಸಿನ ಯುವಕ. ಹೊಸದಾಗಿ ಸೇರುವವರ ಸಂದರ್ಶನವನ್ನು ಸರಿಪಡಿಸುವ ಹೊಣೆ ಅವರಿಗೆ ಬಂತು. ಆರು ಗುಣಗಳನ್ನು ಆರಿಸಿ, ಒಂದಕ್ಕೆ ಅಂಕ ಹಾಕಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು ಎಂದು ನಿಯಮ ಮಾಡಿದರು. ತಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಡಿಮಿಡಿಗೊಂಡರು. ಅವರ ಸಮಾಧಾನಕ್ಕೆ, ಎಲ್ಲ ಅಂಕ ಹಾಕಿದ ಬಳಿಕ ಕಣ್ಣು ಮುಚ್ಚಿ ಆ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಒಂದು ಅಂಕ ಕೊಡಿ ಎಂದರು. ಹೊಸ ಪದ್ಧತಿ ಹಳೆಯದಕ್ಕಿಂತ ಬಹಳ ಚೆನ್ನಾಗಿ ಕೆಲಸ ಮಾಡಿತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಗುಣಗಳ ಮೊತ್ತದಷ್ಟೇ ಉಪಯೋಗಕ್ಕೆ ಬಂತು. ಆದ್ದರಿಂದ ನಿಮ್ಮ ಮನಸ್ಸಿನ ಮಾತನ್ನೂ ಕೇಳಿ, ಆದರೆ ಕೊನೆಯಲ್ಲಿ ಕೇಳಿ. ಮೊದಲ ಎರಡು ನಿಮಿಷದಲ್ಲೇ ಅದನ್ನು ಬಾಯಿ ಬಿಡಲು ಬಿಟ್ಟರೆ ಉಳಿದ ಸಮಯವೆಲ್ಲ ಅದರ ಸಮರ್ಥನೆಗೇ ಹೋಗುತ್ತದೆ.

ಸಂದರ್ಶನದಲ್ಲಿ ಇಬ್ಬರು ಕೂರುವುದಾದರೆ ಅಂಕಗಳನ್ನು ಬೇರೆ ಬೇರೆಯಾಗಿ ಬರೆದ ಮೇಲೆಯೇ ಚರ್ಚಿಸಿ. ಇಲ್ಲದಿದ್ದರೆ ಹಿರಿಯರ ಅಭಿಪ್ರಾಯವೇ ಇಬ್ಬರದೂ ಆಗುತ್ತದೆ. ಆ ಹಾಳೆಗಳನ್ನು ಎಸೆಯದೆ ಇಟ್ಟುಕೊಂಡು, ಒಂದು ವರ್ಷದ ನಂತರ ಅವರ ಕೆಲಸದ ಜೊತೆ ತಾಳೆ ನೋಡಿ. ಇಬ್ಬರು ಮೂವರಿಂದ ಏನೂ ತೀರ್ಮಾನವಾಗದು. ಇಪ್ಪತ್ತು ಮೂವತ್ತು ಹಾಳೆ ಸೇರಿದಾಗ ಯಾವ ಪ್ರಶ್ನೆ ಇರಬೇಕು, ಯಾವುದನ್ನು ಕೈಬಿಡಬೇಕು ಎಂಬುದು ನಿಮಗೇ ತಿಳಿಯತೊಡಗುತ್ತದೆ.