ಮಲ್ಪೆಯ ಉಪ್ಪುಗಾಳಿ ಮತ್ತು ಒಂದು ಹಳೆ ಬೆಂಜ್

ನಮ್ಮ ಅಜ್ಜನಿಗೆ ‘ಬೆಂಜ್’ ಅಂದರೆ ಕಾರಲ್ಲ, ಲಾರಿ. ಅಂಗಳಕ್ಕೆ ಹೆಂಚಿನ ಲೋಡು ಬಂದಾಗ ‘ಬೆಂಜ್ ಬಂತು’ ಎನ್ನುತ್ತಿದ್ದರು. ಅದು ತಪ್ಪೂ ಅಲ್ಲ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ನಮ್ಮ ಮನೆಯಲ್ಲಿ ಹೆಸರು ಮಾತ್ರ ಉಳಿಯಿತು. ಮರ್ಸಿಡಿಸ್-ಬೆಂಜ್ ಕಾರಿನ ಕಂಪನಿ ನಮ್ಮ ದೇಶಕ್ಕೆ ಬಂದದ್ದು 1994ರಲ್ಲಿ, ಪುಣೆಗೆ.

ಅದಕ್ಕೂ ಮೊದಲು ಬೆಂಜ್ ಕಾರು ಹೊರದೇಶದಿಂದಲೇ ಬರಬೇಕಿತ್ತು. ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಿದ್ದ ನನ್ನ ಮಾವ ಅಂಥದ್ದೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಉಡುಪಿಗೆ ತಂದರು. 1982ರ 300ಡಿ. ಕಂಪನಿಯ ಲೆಕ್ಕದಲ್ಲಿ ಡಬ್ಲ್ಯು123 ಸರಣಿ. ಸುಮಾರು ಹತ್ತು ವರ್ಷದಲ್ಲಿ ಈ ಸರಣಿಯ 27 ಲಕ್ಷದಷ್ಟು ಗಾಡಿಗಳು ತಯಾರಾದವು. ಜರ್ಮನಿಯಲ್ಲಿ ಇದು ಟ್ಯಾಕ್ಸಿ. ನಮ್ಮ ಓಣಿಯಲ್ಲಿ ತೇರು.

ಈ ಕಾರಿನ ಎಂಜಿನ್ನಿಗೆ ಒಂದು ಕಥೆ ಉಂಟು. 1969ರಲ್ಲಿ ಕಂಪನಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಸಿ111 ಎಂಬ ಕಾನ್ಸೆಪ್ಟ್ ಕಾರು, ಅಂದರೆ ಹೊಸ ಯೋಚನೆ ತೋರಿಸಲೆಂದೇ ಕಟ್ಟಿದ ಗಾಡಿ, ಇಟ್ಟಿತು. ಕಿತ್ತಳೆ ಬಣ್ಣ, ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲು, ಒಳಗೆ ಪಿಸ್ಟನ್ನೇ ಇಲ್ಲದ ವ್ಯಾಂಕೆಲ್ ಎಂಜಿನ್. ಕೊಳ್ಳಲು ಜನ ಸಿದ್ಧರಿದ್ದರು, ಕಂಪನಿ ಮಾರಲಿಲ್ಲ. ವ್ಯಾಂಕೆಲ್ ಪೆಟ್ರೋಲು ಜಾಸ್ತಿ ಕುಡಿಯುತ್ತಿತ್ತು, ಹೊಗೆಯೂ ಜಾಸ್ತಿ. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಆ ಮಾತು ಎತ್ತುವವರೇ ಇಲ್ಲ. ಆದರೆ 1976ರಲ್ಲಿ ಅದೇ ಮೈಗೆ ಐದು ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಿಸಿ, ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಸೇರಿಸಿ, ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಓಡಿಸಿದರು. ಗಂಟೆಗೆ ಸರಾಸರಿ 250 ಕಿ.ಮೀ. ದಾಟಿ ವಿಶ್ವದಾಖಲೆಗಳ ಸಾಲೇ ಆಯಿತು. ಮಾವನ ಬಾನೆಟ್ಟಿನೊಳಗೆ ಗಡಗಡ ಎನ್ನುವುದು ಆ ಎಂಜಿನ್ನಿನ ತಮ್ಮ, ಟರ್ಬೊ ಇಲ್ಲದವನು. 2023ರಲ್ಲಿ ಕಂಪನಿ ಸಿ111 ನೆನಪಿಗೆ ಇನ್ನೊಂದು ಕಿತ್ತಳೆ ಕಾನ್ಸೆಪ್ಟ್ ತೋರಿಸಿತು. ಅದು ವಿದ್ಯುತ್ ಗಾಡಿ. ನೋಡಲು ಚಂದ. ನನಗೇನೋ ಕಾನ್ಸೆಪ್ಟ್ ಕಾರುಗಳ ಮೇಲೆ ಅಷ್ಟು ಮೋಹವಿಲ್ಲ. ಮಳೆಯಲ್ಲಿ ನೆನೆಯದ, ತುಕ್ಕು ಹಿಡಿಯದ ಗಾಡಿಯನ್ನು ಹೊಗಳುವುದು ಸುಲಭ, ಅಲ್ವಾ?

ಅಸಲಿ ಪರೀಕ್ಷೆ ಸರ್ವಿಸ್‌ನಲ್ಲಿ. ಅದು ಕಾರಿನಷ್ಟೇ ಹಳೆಯದು. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ. ಜನ ನಂಬಲಿಲ್ಲ. 1888ರ ಆಗಸ್ಟಿನಲ್ಲಿ ಹೆಂಡತಿ ಬೆರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತಾಯಿಮನೆಗೆ ಹೊರಟಳು. ಹೆಚ್ಚುಕಡಿಮೆ ಮಂಗಳೂರಿನಿಂದ ಮರವಂತೆಗೆ ಹೋದಷ್ಟು ದೂರ. ದಾರಿಯಲ್ಲಿ ಇಂಧನ ಮುಗಿಯಿತು, ಔಷಧಿ ಅಂಗಡಿಯಲ್ಲಿ ಕೊಂಡಳು. ಪೈಪು ಕಟ್ಟಿತು, ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕ್ ಸವೆಯಿತು, ಚಪ್ಪಲಿ ಹೊಲಿಯುವವನಿಂದ ಚರ್ಮ ಹೊಡೆಸಿದಳು. ಮೊದಲ ಬ್ರೇಕ್ ಲೈನಿಂಗ್ ಅದೇ ಎನ್ನುತ್ತಾರೆ. ಆ ದಾರಿ ಈಗ ಬೆರ್ತಾ ಹೆಸರಿನಲ್ಲೇ ಉಂಟು. 2008ರಿಂದ ಹಳೆ ಕಾರಿನವರು ಬೋರ್ಡು ನೋಡಿಕೊಂಡು ಅದರಲ್ಲಿ ಸುತ್ತುತ್ತಾರೆ.

ಕಂಪನಿಗೆ ಹಳೆ ಗಾಡಿಯ ಬೆಲೆ ಅರ್ಥವಾಗಲು ತಡವಾಗಲಿಲ್ಲ. 1993ರಲ್ಲೇ ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ ಹಳೆ ಕಾರುಗಳಿಗಾಗಿಯೇ ಕ್ಲಾಸಿಕ್ ಸೆಂಟರ್ ತೆರೆಯಿತು. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 46 ಲಕ್ಷ ಕಿ.ಮೀ. ಓಡಿಸಿದ 240ಡಿ ಬೆಂಜ್ ಕಾರನ್ನು 2004ರಲ್ಲಿ ಮ್ಯೂಸಿಯಮ್ಮಿಗೆ ಪಡೆಯಿತು. ಎಂಜಿನ್ ಬದಲಾಗುತ್ತಲೇ ಇತ್ತು, ಅದು ಬೇರೆ ಮಾತು.

ಮಾವನ ಗಾಡಿಗೆ ಫೆಲ್‌ಬಾಖ್ ದೂರ. ದೊಡ್ಡ ವರ್ಕ್‌ಶಾಪೊಂದರಲ್ಲಿ ಕೇಳಿದಾಗ ದೋಷ ಪತ್ತೆಗೆ ಲ್ಯಾಪ್‌ಟಾಪ್ ಸಿಕ್ಕಿಸುವ ಜಾಗ ಹುಡುಕಿದರಂತೆ. ಇದರಲ್ಲಿ ಆ ಜಾಗವೇ ಇಲ್ಲ. ಡೀಸೆಲ್ ಪಂಪು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲು, ಅಷ್ಟೇ. ಕೊನೆಗೆ ಕೈಹಿಡಿದವರು ಮಲ್ಪೆ ಬಂದರಿನಲ್ಲಿ ಬೋಟಿನ ಎಂಜಿನ್ ಬಿಚ್ಚುವ ಮೆಕ್ಯಾನಿಕ್. ಶಬ್ದ ಕೇಳಿಯೇ ಯಾವ ನಾಜಲ್ಲು ಸೋರುತ್ತದೆ ಎಂದು ಹೇಳುತ್ತಾರೆ. ಅವರ ಕೈಯಲ್ಲೂ ಆಗದ್ದು ತುಕ್ಕು. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪುಗಾಳಿ. ಮ್ಯಾಟ್ ಎತ್ತಿದರೆ ರಸ್ತೆ ಕಾಣುವ ಕಾಲವೂ ಇತ್ತು. ಎರಡು ಸಲ ಟಿಂಕರಿಂಗ್ ಆಗಿದೆ. ಅದಕ್ಕೆ ಹೋದ ದುಡ್ಡನ್ನು ಅತ್ತೆಯ ಎದುರು ಹೇಳುವಂತಿಲ್ಲ.

ಈಗ ಮಾವನ ಕಣ್ಣು ‘ವಿಎ’ ನಂಬರ್ ಪ್ಲೇಟಿನ ಮೇಲೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆಮೇಲೆ ಸುಮ್ನೆ ಸುತ್ತುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಡೀಸೆಲ್ ಹಾಕಿಸುವುದು, ಸರ್ವಿಸ್, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು. ಮಾವನ ಗಾಡಿಗೆ 50 ತುಂಬುವುದು 2032ಕ್ಕೆ.

ನಿಯಮ ಓದಿ ಹೇಳಿದೆ. ಮಾವ ಸ್ವಲ್ಪ ಹೊತ್ತು ಯೋಚಿಸಿದರು.

“ಸರ್ವಿಸಿಗೆ ಹೋಗಬಹುದಲ್ಲ ಮಾರಾಯ? ನಮ್ಮ ಮೆಕ್ಯಾನಿಕ್ ಇರುವುದು ಮಲ್ಪೆಯಲ್ಲಿ. ಬರುವಾಗ ಡಿಕ್ಕಿಯಲ್ಲಿ ನಾಲ್ಕು ಬಂಗುಡೆ ಇದ್ದರೆ ಯಾರು ಕೇಳುತ್ತಾರೆ?”