‘ನಿಲ್ಲಿಸುತ್ತದೆ’ ಮತ್ತು ‘ಕಡಿಮಿ ಆದೀತು’: ವೈದ್ಯ ವಿದ್ಯಾರ್ಥಿಗಳ ಇಂಗ್ಲಿಷ್ ಕುರಿತು

ಬೆಳಗಾವಿಯ ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುವ ನನ್ನ ಪಾಲಿಗೆ ಪ್ರತಿವರ್ಷ ಬರುವ ಕೆಲಸಗಳಲ್ಲಿ ವಿದ್ಯಾರ್ಥಿಗಳ ಗುಂಪು ಸೆಮಿನಾರು ನಡೆಸುವುದೂ ಒಂದು. ಐವರ ಗುಂಪು, ಒಂದು ಸಂಶೋಧನಾ ಲೇಖನ, 15 ನಿಮಿಷ, ಆಮೇಲೆ ಪ್ರಶ್ನೆಗಳು. ಲೇಖನವನ್ನು ಆರಿಸುವಾಗ ನಾನು ಸಾಮಾನ್ಯವಾಗಿ ನಮ್ಮ ಜಿಲ್ಲೆಯ ನೆಲದಲ್ಲೇ ನಡೆದ ಒಂದು ಅಧ್ಯಯನದಿಂದ ಶುರು ಮಾಡುತ್ತೇನೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೋಪ್ರೊಸ್ಟಾಲ್ ಗುಳಿಗೆ ನೆರವಾಗುತ್ತದೆಯೇ ಎಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆದ ಆ ಪರೀಕ್ಷೆಯ ವರದಿ 2006ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಆಗುತ್ತಿದ್ದ ಆ ಹೆರಿಗೆಗಳನ್ನು ನೋಡಿಕೊಂಡವರು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಾದ ಎಎನ್‌ಎಂ ಸಿಸ್ಟರುಗಳು. ಹೋಲಿಸಿ ನೋಡಲು ಸುಮಾರು ಅರ್ಧ ಜನರಿಗೆ ಆ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಖೊಟ್ಟಿ ಗುಳಿಗೆ ಕೊಟ್ಟಿದ್ದರು. ರಕ್ತವನ್ನು ಅಂದಾಜಿನಿಂದಲ್ಲ, ಅಳತೆಯ ಗುರುತುಗಳುಳ್ಳ ಪ್ಲಾಸ್ಟಿಕ್ ಹಾಸಿನಲ್ಲಿ ಸಂಗ್ರಹಿಸಿ ಅಳೆದರು. ತಮ್ಮೂರಿನ ಹೆಸರು ಅಂಥ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದು ತಿಳಿದಾಗ ಹಿಂದಿನ ಬೆಂಚಿನವರೂ ಸ್ವಲ್ಪ ನೆಟ್ಟಗೆ ಕೂಡುತ್ತಾರೆ.

ಕೆಲವು ವರ್ಷಗಳ ಹಿಂದಿನ ಒಂದು ಸೆಮಿನಾರು ಇಂದಿಗೂ ನೆನಪಿದೆ. ಫಲಿತಾಂಶದ ಸ್ಲೈಡು ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ, ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ಪಾಲಿಗೆ ಬಂದಿತ್ತು. ಸ್ಲೈಡಿನ ಮೇಲಿದ್ದ ವಾಕ್ಯ: ‘ಮಿಸೋಪ್ರೊಸ್ಟಾಲ್ ಸ್ಟಾಪ್ಸ್ ಬ್ಲೀಡಿಂಗ್ ಇನ್ ಹಾಫ್ ಆಫ್ ದಿ ವಿಮೆನ್.’ ವ್ಯಾಕರಣದಲ್ಲಿ ಒಂದು ಅಕ್ಷರದ ತಪ್ಪೂ ಇಲ್ಲ. ಅವನು ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಪ್ರಶ್ನೆ ಬರಬಾರದೆಂಬಂತೆ ಪಕ್ಕದವಳಿಗೆ ಮೈಕು ಕೊಡಲು ಹೊರಟ. ನಾನು ತಡೆದು ಕನ್ನಡದಲ್ಲಿ ಕೇಳಿದೆ.

‘ಗುಳಿಗಿ ತಗೊಂಡ ಅರ್ಧ ಮಂದಿಗೆ ರಕ್ತ ಹೋಗೂದು ನಿಂತೇ ಹೋತೇನಪಾ?’

‘ಹಂಗಲ್ರೀ ಮೇಡಂ. ಖೊಟ್ಟಿ ಗುಳಿಗಿ ತಗೊಂಡವರೊಳಗ ನೂರಕ್ಕ ಹನ್ನೆರಡು ಮಂದಿಗೆ ಭಾಳ ರಕ್ತ ಹೋಗಿತ್ತು. ಖರೇ ಗುಳಿಗಿ ತಗೊಂಡವರೊಳಗ ಆರೂ ಚಿಲ್ಲರ ಮಂದಿಗೆ. ಅಂದ್ರ ಕಡಿಮಿ ಆದೀತು, ಪೂರಾ ನಿಲ್ಲೂದಿಲ್ರೀ.’

ಲೇಖನದಲ್ಲಿರುವ ಅಂಕಿಗಳೂ ಇವೇ: 12.0 ಪ್ರತಿಶತ ಮತ್ತು 6.4 ಪ್ರತಿಶತ. ಸ್ಲೈಡಿನ ವಾಕ್ಯ ಹೇಳುವ ಪ್ರಕಾರ ಗುಳಿಗೆ ನುಂಗಿದ ಅರ್ಧದಷ್ಟು ಹೆಂಗಸರಿಗೆ ಅದು ಕೆಲಸ ಮಾಡಿತು. ಅಸಲಿಗೆ ಗುಳಿಗೆ ಇಲ್ಲದಿದ್ದರೂ 100ರಲ್ಲಿ 88 ಜನರಿಗೆ ಹೆಚ್ಚಿನ ರಕ್ತಸ್ರಾವ ಆಗುತ್ತಲೇ ಇರಲಿಲ್ಲ. ಅಪಾಯ ಸುಮಾರು ಅರ್ಧಕ್ಕೆ ಇಳಿಯಿತು ಎಂಬುದು ಒಂದು ಮಾತು, 5.6ರಷ್ಟು ಪ್ರತಿಶತ ಅಂಕ ಇಳಿಯಿತು ಎಂಬುದು ಅದೇ ಅಂಕಿಯ ಇನ್ನೊಂದು ಮಾತು, 18 ಹೆಂಗಸರಿಗೆ ಗುಳಿಗೆ ಕೊಟ್ಟರೆ ಒಬ್ಬಳ ಹೆಚ್ಚಿನ ರಕ್ತಸ್ರಾವ ತಪ್ಪುತ್ತದೆ ಎಂಬುದು ಮೂರನೆಯ ಮಾತು. ಮೂರೂ ನಿಜ. ‘ಅರ್ಧ ಜನರಿಗೆ ನಿಲ್ಲಿಸುತ್ತದೆ’ ಎಂಬುದು ಮಾತ್ರ ನಿಜವಲ್ಲ. ಹುಡುಗನಿಗೆ ವಿಷಯ ಗೊತ್ತಿತ್ತು, ಲೆಕ್ಕ ಗೊತ್ತಿತ್ತು, ಎಷ್ಟು ಖಚಿತವಾಗಿ ಹೇಳಬೇಕು ಎಂಬುದೂ ಗೊತ್ತಿತ್ತು. ಇಂಗ್ಲಿಷಿಗೆ ದಾಟುವಾಗ ಈ ಮೂರನೆಯದನ್ನು ಅವನು ದಡದಲ್ಲೇ ಬಿಟ್ಟು ಬಂದಿದ್ದ.

ಅಂದಿನಿಂದ ನನ್ನ ಕಲಿಸುವ ರೀತಿ ಬದಲಾಯಿತು. ವೈದ್ಯಕೀಯ ಬರವಣಿಗೆಯ ಇಂಗ್ಲಿಷ್ ಎಂದರೆ ದೊಡ್ಡ ದೊಡ್ಡ ಪದಗಳಲ್ಲ, ಉಚ್ಚಾರದ ನಯವೂ ಅಲ್ಲ. ಒಂದು ಮಾತನ್ನು ಎಷ್ಟು ಬಲದಿಂದ ಹೇಳಬಹುದು ಮತ್ತು ಯಾರ ಮಾತಿನ ಮೇಲೆ ಹೇಳುತ್ತಿದ್ದೇವೆ ಎಂಬ ಎರಡು ಲೆಕ್ಕಗಳನ್ನು ಕ್ರಿಯಾಪದದಲ್ಲಿ ತೋರಿಸುವುದೇ ಅದರ ಮುಖ್ಯ ಕಸುಬು. ಈ ಎರಡೂ ಲೆಕ್ಕಗಳು ಕನ್ನಡ ಮಾಧ್ಯಮದಿಂದ ಬಂದವರ ಬಾಯಲ್ಲಿ ಮೊದಲೇ ಇವೆ. ಹೈಸ್ಕೂಲಿನ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಮೂರು ರೂಪಗಳನ್ನು ಪರೀಕ್ಷೆಗಾಗಿ ಉರು ಹೊಡೆದದ್ದು ಎಲ್ಲರಿಗೂ ನೆನಪಿರುತ್ತದೆ. ಆ ಮೂರನೆಯದನ್ನು ಬೇರೆ ಕಡೆ ಹೆಚ್ಚಾಗಿ ಪುಸ್ತಕದಲ್ಲಿ ಕಾಣುತ್ತೇವೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅದು ದಿನಬಳಕೆಯ ಮಾತು. ‘ಮಳಿ ಬಂದೀತು’, ‘ಬಿದ್ದಗಿದ್ದೀಯಾ’, ‘ಸಕ್ಕರಿ ಜಾಸ್ತಿ ಆದೀತು’ ಎನ್ನುವ ಅಜ್ಜಿಯ ಮೊಮ್ಮಗನಿಗೆ ‘ಮೇ’, ‘ಮೈಟ್’, ‘ಈಸ್ ಲೈಕ್ಲಿ ಟು’ ಎಂಬುವನ್ನು ಹೊಸದಾಗಿ ಕಲಿಸಬೇಕಿಲ್ಲ. ಅವು ಎಲ್ಲಿ ಕೂಡುತ್ತವೆ ಎಂದು ತೋರಿಸಿದರೆ ಸಾಕು.

ಸಂಶೋಧನಾ ಲೇಖನದ ನಾಲ್ಕು ಭಾಗಗಳನ್ನು, ಅಂದರೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಇವುಗಳನ್ನು ನಾನೀಗ ಕ್ರಿಯಾಪದಗಳ ಮೂಲಕವೇ ಪಾಠ ಮಾಡುತ್ತೇನೆ. ವಿಧಾನದ ಭಾಗ ‘ಕೊಟ್ಟೆವು, ಅಳೆದೆವು’. ಅಲ್ಲಿ ‘ಆದೀತು’ ಬಂದರೆ ಅಧ್ಯಯನವೇ ನಡೆದಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಫಲಿತಾಂಶದ ಭಾಗ ‘ಆಯಿತು, ಇಷ್ಟು ಆಯಿತು’. ಅಂಕಿಯೇ ಅಲ್ಲಿ ಮಾತಾಡಬೇಕು, ಬಣ್ಣ ಹಚ್ಚಬಾರದು. ಚರ್ಚೆಯ ಭಾಗವೇ ‘ಆದೀತು, ಇದ್ದೀತು’ ಎಂಬುದರ ಮನೆ. ಪೀಠಿಕೆಯಲ್ಲಿ ಹಿಂದಿನವರ ಕೆಲಸವನ್ನು ಹೇಳುವುದರಿಂದ ಅದು ‘ಅಂತೆ’, ನಮ್ಮ ಕಡೆಯ ಮಾತಿನಲ್ಲಿ ‘ಆಗ್ತದಂತ’. ಈ ‘ಅಂತ’ ಬಾಯಿಮಾತಿಗೆ ಸಾಕು, ಲೇಖನಕ್ಕೆ ಸಾಲದು; ಯಾರು ಅಂದರು, ಎಲ್ಲಿ ಅಂದರು ಎಂಬ ವಿಳಾಸ ಬೇಕು. ವಾಕ್ಯದ ಕೊನೆಯಲ್ಲಿ ಕೂರುವ ಸಣ್ಣ ಅಂಕಿ ಆ ವಿಳಾಸ. ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಲೇಖನಗಳಿಗೆ ಏಕರೂಪದ ನಿಯಮ ಮಾಡಿಕೊಂಡ ಕಾರಣ ಆ ಪದ್ಧತಿಗೆ ಇಂದಿಗೂ ವ್ಯಾಂಕೂವರ್ ಶೈಲಿ ಎಂಬ ಹೆಸರಿದೆ. ಅದರ ಅಲ್ಪವಿರಾಮ, ಅರ್ಧವಿರಾಮಗಳನ್ನು ಹೇಳಿಕೊಡುವುದರಲ್ಲಿ ನಾನು ಸಮಯ ಕಳೆಯುವುದಿಲ್ಲ. ಅದನ್ನು ಮಾಡಿಕೊಡುವ ಸಾಫ್ಟ್‌ವೇರುಗಳಿವೆ.

ಕರ್ಮಣಿ ಪ್ರಯೋಗದ ಮೋಹದ ಬಗ್ಗೆ ಎರಡು ಮಾತು. ‘ಆದೇಶಿಸಲಾಗಿದೆ’, ‘ಪರಿಶೀಲಿಸಲಾಗುವುದು’ ಎಂಬ ಕಚೇರಿ ಕನ್ನಡವನ್ನು ನೋಡಿ ಬೆಳೆದವರಿಗೆ, ಯಾರು ಮಾಡಿದರು ಎಂದು ಹೇಳದಿದ್ದರೆ ಬರಹಕ್ಕೆ ಗಾಂಭೀರ್ಯ ಬರುತ್ತದೆ ಎಂಬ ನಂಬಿಕೆ ಇದೆ. ಇಂಗ್ಲಿಷಿನಲ್ಲೂ ಅದನ್ನೇ ಮುಂದುವರಿಸುತ್ತಾರೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ವಿವರಿಸಿದ ಪುಟ್ಟ ಲೇಖನದ ಮೊದಲ ವಾಕ್ಯವನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ‘ನಾವು’ ಎಂದು ಶುರುವಾಗುತ್ತದೆ, ಮತ್ತು ಅಷ್ಟು ದೊಡ್ಡ ವಿಷಯಕ್ಕೆ ಅವರು ಬಳಸಿದ ಕ್ರಿಯಾಪದ ‘ಸಜೆಸ್ಟ್’, ‘ಪ್ರೂವ್’ ಅಲ್ಲ. ಎರಡನೆಯ ವರ್ಷದ ವಿದ್ಯಾರ್ಥಿ 60 ಜನರ ಸರ್ವೆ ಮಾಡಿ ‘ಪ್ರೂವ್ಸ್’ ಎಂದು ಬರೆದಾಗ ಈ ವಾಕ್ಯದ ಕಡೆ ಬೆರಳು ತೋರಿಸಿದರೆ ನನ್ನ ಭಾಷಣ ಉಳಿಯುತ್ತದೆ.

ಗುಂಪು ಸೆಮಿನಾರಿನ ರೋಗ ಬೇರೆ. ಐವರು ಸೇರಿದರೆಂದರೆ ಮೊದಲು ನಡೆಯುವುದು ಹೊಲ ಹಿಸೆ ಮಾಡಿದಂತೆ ಸ್ಲೈಡುಗಳ ಪಾಲು. ಇಂಗ್ಲಿಷ್ ಮಾಧ್ಯಮದವರಿಗೆ ಫಲಿತಾಂಶ ಮತ್ತು ಚರ್ಚೆ. ಕನ್ನಡ ಮಾಧ್ಯಮದವರಿಗೆ ಶೀರ್ಷಿಕೆ, ವ್ಯಾಖ್ಯೆ ಮತ್ತು ‘ಥ್ಯಾಂಕ್ ಯೂ’. ಪ್ರತಿಯೊಬ್ಬರೂ ತಮ್ಮ ಪಾಲಿನ ಮೂರು ಸ್ಲೈಡನ್ನು ಮಾತ್ರ ಓದಿ ಬರುತ್ತಾರೆ, ಬೇರೆಯವರ ಸ್ಲೈಡಿನಲ್ಲಿ ಏನಿದೆ ಎಂಬುದು ವೇದಿಕೆಯ ಮೇಲೆಯೇ ಮೊದಲ ಬಾರಿ ತಿಳಿಯುತ್ತದೆ. ನಾನು ಮಾಡಿದ ಬದಲಾವಣೆ ಇಷ್ಟೇ: ಯಾರು ಯಾವ ಭಾಗ ಹೇಳಬೇಕು ಎಂಬುದನ್ನು ಸೆಮಿನಾರಿನ ದಿನ ಬೆಳಿಗ್ಗೆ ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಮೊದಲ ವರ್ಷ ಇದಕ್ಕೆ ವಿರೋಧ ಬಂತು, ಒಬ್ಬ ವಿದ್ಯಾರ್ಥಿನಿ ಅತ್ತೂಬಿಟ್ಟಳು; ಅವಳಿಗೆ ಒಂದು ವಾರ ಮೊದಲೇ ಚೀಟಿ ಎತ್ತಲು ಬಿಟ್ಟೆ, ನಿಯಮವನ್ನು ಮಾತ್ರ ಬಿಡಲಿಲ್ಲ. ಚೀಟಿ ಬಂದ ಮೇಲೆ ಐವರೂ ಇಡೀ ಲೇಖನ ಓದಲೇಬೇಕಾಯಿತು. ಓದುವುದು, ಜಗಳವಾಡುವುದು, ಅರ್ಥ ಮಾಡಿಕೊಳ್ಳುವುದು ಎಲ್ಲವೂ ಹಾಸ್ಟೆಲಿನಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ನಡೆಯಲಿ ಎಂದು ನಾನೇ ಹೇಳುತ್ತೇನೆ. ಇಂಗ್ಲಿಷ್ ಬರುವುದು ಅದರ ನಂತರ, ಪ್ರತಿ ಸ್ಲೈಡಿಗೆ ಒಂದೇ ವಾಕ್ಯವಾಗಿ.

ವೇದಿಕೆಯ ಮೇಲೆ ನಾನು ಬಿಡದೆ ತಿದ್ದುವ ಉಚ್ಚಾರ ಒಂದೇ: ‘ಫಿಫ್ಟೀನ್’ ಮತ್ತು ‘ಫಿಫ್ಟಿ’. ಕನ್ನಡದ ಹದಿನೈದು, ಐವತ್ತು ಎಂದೂ ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ, ಇಂಗ್ಲಿಷಿನವು ಕೇಳಿಸುತ್ತವೆ. ಫೋನಿನಲ್ಲಿ ಡೋಸು ಹೇಳುವಾಗ ಆ ಗೊಂದಲ ರೋಗಿಯ ಜೀವಕ್ಕೆ ಬರುತ್ತದೆ. ಆದ್ದರಿಂದ ‘ಫಿಫ್ಟೀನ್, ಒನ್ ಫೈವ್’ ಎಂದು ಬಿಡಿಸಿ ಹೇಳುವ ಅಭ್ಯಾಸವನ್ನು ಸೆಮಿನಾರಿನಲ್ಲೇ ಹಾಕಿಸುತ್ತೇನೆ. ಉಳಿದ ಉಚ್ಚಾರಗಳು ಧಾರವಾಡದ್ದಾಗಿರಲಿ, ಕೊಲ್ಹಾಪುರದ್ದಾಗಿರಲಿ, ನನಗೆ ಅಡ್ಡಿಯಿಲ್ಲ.

ರೋಗಿಯ ಕೇಸ್ ಶೀಟ್ ಬರೆಯುವಾಗ ಬರುವ ತೊಡಕಿಗೆ ನನ್ನದೇ ತಪ್ಪನ್ನು ಉದಾಹರಣೆಯಾಗಿ ಕೊಡುತ್ತೇನೆ. ಇಂಟರ್ನ್ ಆಗಿದ್ದಾಗ ಜಮಖಂಡಿ ಕಡೆಯ ಅಜ್ಜಿಯೊಬ್ಬಳು, ‘ಯವ್ವಾ, ಮೂರು ದಿನದಿಂದ ಎದ್ದ ನಿಂತ್ನೆಂದ್ರ ಕಣ್ಣಿಗೆ ಕತ್ತಲಿ ಬರ್ತೈತಿ’ ಎಂದಳು. ನಾನು ‘ಗಿಡ್ಡಿನೆಸ್ ಸಿನ್ಸ್ ತ್ರೀ ಡೇಸ್’ ಎಂದು ಬರೆದೆ. ‘ಮೂರು ದಿನದಿಂದ’ ಎಂಬ ಪಂಚಮಿಯನ್ನು ‘ಸಿನ್ಸ್’ ಮಾಡಿದ್ದು ಹಿರಿಯರ ಕಣ್ಣಿಗೆ ಬಿತ್ತು, ಕೆಂಪು ಶಾಯಿಯಲ್ಲಿ ‘ಫಾರ್’ ಆಯಿತು. ಆದರೆ ನಿಜವಾದ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿಯಿತು. ‘ಕತ್ತಲಿ ಬರೂದು’ ಬೇರೆ, ‘ಮನಿ ಗರಗರ ತಿರುಗೂದು’ ಬೇರೆ. ಮೊದಲನೆಯದು ನಿಂತಾಗ ರಕ್ತದೊತ್ತಡ ಇಳಿಯುವುದರ ಸುಳಿವು, ಎರಡನೆಯದು ಹೆಚ್ಚಾಗಿ ಒಳಕಿವಿಯದು. ಅಜ್ಜಿ ಎರಡನ್ನೂ ಬೇರೆ ಮಾಡಿಯೇ ಹೇಳಿದ್ದಳು. ನನ್ನ ಒಂದು ಇಂಗ್ಲಿಷ್ ಪದ ಎರಡನ್ನೂ ಕಲಸಿಬಿಟ್ಟಿತು. ಅವಳನ್ನು ಎರಡು ದಿನ ಕಿವಿಯ ವಿಭಾಗಕ್ಕೆ ಓಡಾಡಿಸಿದ ಮೇಲೆ ಬಿಪಿ ಗುಳಿಗೆಯ ಪ್ರಮಾಣ ಹೆಚ್ಚಾಗಿರುವುದು ಗೊತ್ತಾಯಿತು. ಈಗ ನನ್ನ ವಿದ್ಯಾರ್ಥಿಗಳು ಮುಖ್ಯ ದೂರನ್ನು ಮೊದಲು ರೋಗಿಯ ಮಾತಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಆಮೇಲೆ ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ.

ವಾರ್ಡಿನ ಈ ಕೆಲಸದಲ್ಲಿ ಸೆಮಿನಾರು ಕೋಣೆಯ ಮೇಲುಕೀಳು ತಿರುಗುಮುರುಗಾಗುತ್ತದೆ. ಹೊರರಾಜ್ಯಗಳಿಂದ ಬಂದು ನಿರರ್ಗಳ ಇಂಗ್ಲಿಷ್ ಆಡುವವರು ಇಲ್ಲಿ ಸವದತ್ತಿಯ ಹುಡುಗನ ಬೆನ್ನ ಹಿಂದೆ ನಿಲ್ಲುತ್ತಾರೆ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಮತ್ತು ಇಂಗ್ಲಿಷ್ ಎರಡರ ಕಲಿಕೆಗೂ ಜಾಗವಿದೆ, ಸಂವಹನ ಕಲಿಸುವ ಏಟ್‌ಕಾಮ್ ಎಂಬ ಭಾಗವೂ ಇದೆ. ಎರಡು ಭಾಷೆಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕಲಿಸುವ ಬದಲು ಈ ಎರಡು ಬಗೆಯ ವಿದ್ಯಾರ್ಥಿಗಳನ್ನೇ ಜೋಡಿ ಮಾಡುವುದು ಅಗ್ಗದ ಮತ್ತು ಉತ್ತಮ ಉಪಾಯ ಎಂಬುದು ನನ್ನ ಅಭಿಪ್ರಾಯ. ಮಧ್ಯಪ್ರದೇಶದಲ್ಲಿ 2022ರಲ್ಲಿ ಹಿಂದಿಯ ಎಂಬಿಬಿಎಸ್ ಪುಸ್ತಕಗಳು ಬಂದ ಮೇಲೆ ಕನ್ನಡದಲ್ಲೂ ಬರಲಿ ಎಂದು ನನ್ನನ್ನು ಕೇಳುವವರಿದ್ದಾರೆ. ಬಂದರೆ ಸಂತೋಷವೇ, ಆದರೆ ಸಂಶೋಧನೆ ಓದುವ ಇಂಗ್ಲಿಷನ್ನು ಅದು ಅನಗತ್ಯ ಮಾಡಲಾರದು.

ಕದ್ದು ಬರೆಯುವುದರ ಬಗ್ಗೆ ನಾನು ಮೊದಲಿನಷ್ಟು ಸಿಟ್ಟಾಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗೆ 10 ಪ್ರತಿಶತಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕ್ರಮವಿದೆ, ಅದು ಇರಬೇಕಾದದ್ದೇ. ಆದರೆ ಮೊದಲ ಬಾರಿ ಬರೆಯುವ ಹಳ್ಳಿಯ ವಿದ್ಯಾರ್ಥಿ ಕದಿಯುವುದು ಸೋಮಾರಿತನಕ್ಕಲ್ಲ, ತನ್ನ ವಾಕ್ಯದ ಮೇಲೆ ತನಗೇ ನಂಬಿಕೆಯಿಲ್ಲದ್ದಕ್ಕೆ. ಅದಕ್ಕಿಂತ ಕೆಟ್ಟದ್ದು ಸಾಫ್ಟ್‌ವೇರಿನ ಕಣ್ಣಿಗೆ ಮಣ್ಣೆರಚಲು ಪದಗಳನ್ನು ಯಂತ್ರದಿಂದ ಬದಲಿಸುವುದು. ಅಚ್ಚಾದ ಲೇಖನಗಳಲ್ಲೇ ‘ಬ್ರೆಸ್ಟ್ ಕ್ಯಾನ್ಸರ್’ ಎಂಬುದು ‘ಬೂಸಮ್ ಪೆರಿಲ್’ ಆಗಿರುವುದನ್ನು ಸಂಶೋಧಕರು ಹಿಡಿದು 2021ರಲ್ಲಿ ಬಯಲು ಮಾಡಿದರು. ಎದೆಯ ಗಂಡಾಂತರ! ತರಗತಿಯಲ್ಲಿ ಇದನ್ನು ಹೇಳಿದಾಗ ನಗು ನಿಲ್ಲುವುದಿಲ್ಲ. ನಾನು ಕೊಡುವ ಔಷಧ ಸರಳ: ಲೇಖನ ಮುಚ್ಚಿಡು, ಅದರಲ್ಲಿ ಏನಿದೆ ಎಂದು ನಿಮ್ಮ ತಾಯಿಗೆ ಫೋನಿನಲ್ಲಿ ಹೇಳುವಂತೆ ಕನ್ನಡದಲ್ಲಿ ಹೇಳು, ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆ. ಬರುವ ಇಂಗ್ಲಿಷ್ ಮೊಟಕಾಗಿರುತ್ತದೆ, ಆದರೆ ಅವನದೇ ಆಗಿರುತ್ತದೆ; ತಿದ್ದಲು ನನಗೆ ಏನಾದರೂ ಸಿಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕುವ ಹೊತ್ತಿಗೆ ಕರಡುಗಳು ನನ್ನ ಮೇಜಿನ ಮೇಲೆ ರಾಶಿಯಾಗುತ್ತವೆ. ಕಷ್ಟ ಕೊಡುವುದು ಕನ್ನಡ ಮಾಧ್ಯಮದವರ ಕರಡುಗಳಲ್ಲ. ಅವುಗಳ ತಪ್ಪು ಮೇಲೆಯೇ ತೇಲುತ್ತಿರುತ್ತದೆ. ಒಳ್ಳೆಯ ಇಂಗ್ಲಿಷಿನವರ ಕರಡಿನಲ್ಲಿ ‘ಸ್ಟಾಪ್ಸ್’ ಮತ್ತು ‘ಪ್ರೂವ್ಸ್’ ನುಣುಪಾದ ವಾಕ್ಯಗಳ ನಡುವೆ ಅಡಗಿ ಕೂತಿರುತ್ತವೆ, ತೋರಿಸಿದರೂ ‘ಮೇಡಂ, ಗ್ರಾಮರ್ ಸರಿ ಇದೆಯಲ್ಲ’ ಎಂಬ ಉತ್ತರ ಬರುತ್ತದೆ. ಅಂಥ ಕರಡನ್ನು ನಾನೀಗ ತಿದ್ದುವುದಿಲ್ಲ. ಅದರ ಚರ್ಚೆಯ ಭಾಗವನ್ನು ಜೊತೆಗಾರ ಕನ್ನಡದ ಹುಡುಗನಿಗೆ ಕೊಟ್ಟು, ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ಹೇಳುವ ಹಾಗೆ ಹೇಳಿಸುತ್ತೇನೆ. ಅವನು ‘ನಿಲ್ತೈತಿ’ ಎನ್ನಲು ಹೋಗಿ ತಡವರಿಸುವ ಜಾಗದಲ್ಲಿ ಬರೆದವರು ತಾವೇ ಪೆನ್ನು ಕೇಳುತ್ತಾರೆ.