ಟಿಗ್ರೇ ಯಾವ ಗವರ್ನರೇಟ್‌ಗೆ ಸೇರಿತ್ತು? (ಇಟಲಿಯ ಪೂರ್ವ ಆಫ್ರಿಕಾ, 1936–41)

1936ರ ಮೇ 5ರಂದು ಇಟಲಿಯ ಸೇನೆ ಅಡಿಸ್ ಅಬಾಬಾ ಹೊಕ್ಕಿತು. ನಾಲ್ಕೇ ದಿನಕ್ಕೆ ಮುಸೊಲಿನಿ ಸಾಮ್ರಾಜ್ಯ ಘೋಷಿಸಿದ. ಜೂನ್‌ನಲ್ಲಿ ಬಂದ ಕಾನೂನು ಇಥಿಯೋಪಿಯಾ, ಎರಿಟ್ರಿಯಾ, ಇಟಲಿಯ ಸೊಮಾಲಿಯಾ ಮೂರನ್ನೂ ಒಂದೇ ವಸಾಹತು ಮಾಡಿತು. ಮೇಲೆ ವೈಸರಾಯ್, ಅವನ ಕೆಳಗೆ ಗವರ್ನರೇಟ್ ಅನ್ನೋ ಪ್ರಾಂತ್ಯಗಳನ್ನು ಆಳುವ ಗವರ್ನರ್‌ಗಳು, ಅವರ ಕೆಳಗೆ ಕಮಿಸರಿಯೇಟ್ (ಜಿಲ್ಲೆಯಂಥ ಭಾಗ), ಕೊನೆಗೆ ರೆಸಿಡೆನ್ಸಿ (ಅದರೊಳಗಿನ ಚಿಕ್ಕ ಭಾಗ). ಇಲ್ಲಿವರೆಗೆ ಸಲೀಸು.

ಗವರ್ನರೇಟ್‌ಗಳನ್ನು ಅವುಗಳ ರಾಜಧಾನಿಯ ಜೊತೆ ಕಲಿಯಿರಿ (ಮೊದಲು ರಾಜಧಾನಿ): ಅಸ್ಮಾರಾ–ಎರಿಟ್ರಿಯಾ, ಗೊಂಡಾರ್–ಅಮ್ಹಾರಾ, ಹರಾರ್–ಹರಾರ್, ಜಿಮ್ಮಾ–ಗಾಲ್ಲಾ ಸಿದಾಮೊ, ಮೊಗದಿಶು–ಸೊಮಾಲಿಯಾ. ಅಡಿಸ್ ಅಬಾಬಾ ಮೊದಲು ತನ್ನದೇ ಹೆಸರಿನ ಪುಟ್ಟ ಗವರ್ನರೇಟ್. 1938ರಲ್ಲಿ ಅದನ್ನು ಹಿಗ್ಗಿಸಿ ಶೇವಾ ಎಂದು ಕರೆದರು. ('ಗಾಲ್ಲಾ' ಒರೊಮೊ ಜನ ಒಪ್ಪದ ಹೆಸರು. ಇಟಲಿಯವರ ದಾಖಲೆ ಬಗ್ಗೆ ಹೇಳುವಾಗ ಮಾತ್ರ ಬಳಸಿ.)

ಈಗ ತೊಡಕಿನ ಜಾಗ. ಹೆಸರು ಹಳೆಯದು, ಗಡಿ ಮಾತ್ರ ಹೊಸದು. 1935ರಲ್ಲಿ ಎರಿಟ್ರಿಯಾ ಮೆರೆಬ್ ನದಿಯ ದಂಡೆಗೆ ನಿಲ್ಲುತ್ತಿತ್ತು. ನದಿ ದಾಟಿದರೆ ಟಿಗ್ರೇ, ಅಂದರೆ ಇಥಿಯೋಪಿಯಾ. 1936ರ ನಂತರ ಟಿಗ್ರೇಯನ್ನೂ ಎರಿಟ್ರಿಯಾಕ್ಕೆ ಹಚ್ಚಿದರು. ಹಾಗಾಗಿ 1938ರ ನಕ್ಷೆ ಕೊಟ್ಟು ಟಿಗ್ರೇಯ ಊರುಗಳಾದ ಅಕ್ಸುಮ್ ಎಲ್ಲಿ, ಮೆಕೆಲೆ ಎಲ್ಲಿ ಅಂತ ಕೇಳಿದರೆ ಉತ್ತರ ಎರಿಟ್ರಿಯಾ. ಅಡ್ವಾ ಕೂಡ ಅಲ್ಲೇ! 1896ರಲ್ಲಿ ಇಟಲಿ ಮಣ್ಣು ಮುಕ್ಕಿದ ಊರಿಗೆ ಈಗ ಅಸ್ಮಾರಾದ ಗವರ್ನರ್ ಯಜಮಾನ. ದಕ್ಷಿಣದಲ್ಲೂ ಇದೇ ಆಟ: ಇಥಿಯೋಪಿಯಾದ ಒಗಾಡೆನ್ ಪ್ರದೇಶ ಸೊಮಾಲಿಯಾದ ಪಾಲಾಯಿತು. ಯುದ್ಧಕ್ಕೆ ನೆಪವಾದ 1934ರ ಜಗಳ ನಡೆದ ವಾಲ್‌ವಾಲ್ ಇರುವುದೂ ಒಗಾಡೆನ್‌ನಲ್ಲೇ.

ಯಾಕೆ ಹೀಗೆ? ಇಥಿಯೋಪಿಯಾ ಅನ್ನೋ ಒಂದು ದೇಶ ನಕ್ಷೆಯಲ್ಲಿ ಉಳಿಯಲೇಬಾರದಿತ್ತು. ಟಿಗ್ರೇ, ಎರಿಟ್ರಿಯಾ ಎರಡರಲ್ಲೂ ಇರುವ ಟಿಗ್ರಿನ್ಯಾ ಭಾಷೆ ಮಾತಾಡುವವರು ಒಂದು ಕಡೆ, ಸೊಮಾಲಿಗಳು ಇನ್ನೊಂದು ಕಡೆ. ಅಷ್ಟು ದಿನ ಆಳಿದ್ದ ಅಮ್ಹಾರಾ ಶ್ರೀಮಂತರ ಹಿಡಿತ ಸಡಿಲಿಸುವುದೇ ಮುಖ್ಯ ಲೆಕ್ಕಾಚಾರ. ಭಾಷೆ ನೋಡಿ ಗಡಿ ಎಳೆದರು ಅಂದ ಮಾತ್ರಕ್ಕೆ ಜನರ ಮೇಲಿನ ಪ್ರೀತಿ ಅಂದುಕೊಳ್ಳಬೇಡಿ. ಜನರನ್ನು ಯಾರೂ ಕೇಳಿರಲಿಲ್ಲ, ಅಲ್ವಾ? ಊರಾಚೆ ಎಷ್ಟೋ ಕಡೆ ಪ್ರತಿರೋಧದ ಪಡೆಗಳದ್ದೇ ಓಡಾಟ ಇತ್ತು. ಅಲ್ಲಿ ಈ ಗಡಿಗಳು ಸುಮ್ನೆ ಕಾಗದದ ಮೇಲಿನ ಗೆರೆ.

1940ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೊಮಾಲಿಲ್ಯಾಂಡ್ ಕೂಡ ಇಟಲಿಯ ಕೈಸೇರಿತು, ಮುಂದಿನ ಮಾರ್ಚ್‌ನಲ್ಲಿ ಕೈತಪ್ಪಿತು. 1941ರ ಮೇ 5ಕ್ಕೆ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಅಡಿಸ್ ಅಬಾಬಾಗೆ ಮರಳಿದ. ಗೊಂಡಾರ್ ಅನ್ನು ಮಾತ್ರ ಇಟಲಿಯ ಸೇನೆ ನವೆಂಬರ್‌ವರೆಗೆ ಹಿಡಿದುಕೊಂಡಿತ್ತು. ಟಿಗ್ರೇ ಮತ್ತೆ ಇಥಿಯೋಪಿಯಾಕ್ಕೆ ಬಂತು. ಎರಿಟ್ರಿಯಾ 1952ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಪ್ರಶ್ನೆಯಲ್ಲಿ 'ಎರಿಟ್ರಿಯಾ' ಕಂಡರೆ ಮೊದಲು ಇಸವಿ ನೋಡಿ, ಆಮೇಲೆ ನಕ್ಷೆ ಗುರುತಿಸಿ.